ಕಾಲೇಜಿನ ವೆಚ್ಚಕ್ಕೆ ರೈತರು ಮಾಡಿಕೊಳ್ಳತಕ್ಕ ಏರ್ಪಾಡು

ಸಿಂಧನೂರು, ಲಿಂಗಸೂಗೂರು, ಮಸ್ಕಿ ಈ ಮೂರು ತಾಲ್ಲೂಕುಗಳ ಜಮೀನುದಾರರು ಬಿತ್ತನೆಗೆ ಮುಂಚೆ ಬೀಜವೆಷ್ಟು, ಗೊಬ್ಬರವೆಷ್ಟು, ಕೂಲಿಯೆಷ್ಟು ಎಂಬ ಲೆಕ್ಕವನ್ನು ಹಾಕದೆ ಇರುವವರಲ್ಲ. ಒಂದು ಜೊತೆ ಎತ್ತನ್ನು ಕೊಳ್ಳಬೇಕಾದರೆ ಎರಡು ಸಂತೆ ತಿರುಗಿ, ಹಲ್ಲು ನೋಡಿ, ನಡೆ ನೋಡಿ, ಆಮೇಲೆ ಬೆಲೆ ಕಟ್ಟುವುದು ನಮ್ಮವರ ವಾಡಿಕೆ. ಆದರೆ ಮನೆಯ ಹುಡುಗನನ್ನಾಗಲಿ ಹುಡುಗಿಯನ್ನಾಗಲಿ ಕಾಲೇಜಿಗೆ ಕಳುಹಿಸುವ ಪ್ರಸಂಗವು ಒದಗಿದಾಗ, ಆ ವೆಚ್ಚವು ಎತ್ತಿನ ಬೆಲೆಗಿಂತ ಎಷ್ಟೋ ಪಾಲು ಹೆಚ್ಚಾಗಿದ್ದರೂ, ಅದಕ್ಕೆ ಮುಂಚಿತವಾಗಿ ಲೆಕ್ಕ ಹಾಕಿದವರು ವಿರಳ. ಸೀಟು ದೊರೆತ ವಾರದಲ್ಲಿಯೇ ಹಣಕ್ಕಾಗಿ ಓಡಾಟವು ಆರಂಭವಾಗುತ್ತದೆ. ಆಗ ಸಿಕ್ಕಿದ ಕಡೆಯಲ್ಲಿ, ಸಿಕ್ಕಿದ ಬಡ್ಡಿಗೆ ಹಣ ತಂದು ಶುಲ್ಕ ಕಟ್ಟಿ, ಮುಂದಿನ ಮೂರು ನಾಲ್ಕು ವರ್ಷಗಳ ಬೆಳೆಯನ್ನು ಅದಕ್ಕೆ ತೆರುವುದಾಗುತ್ತದೆ. ಈ ಇಕ್ಕಟ್ಟಿನಿಂದ ತಪ್ಪಿಸಿಕೊಳ್ಳುವ ಬಗೆ ಹೇಗೆಂಬುದನ್ನು ಗ್ರಾಮದ ಮುಖಂಡರ ಮತ್ತು ಜಮೀನುದಾರರ ಅವಗಾಹನೆಗಾಗಿ ಇಲ್ಲಿ ವಿವರಿಸಲಾಗಿದೆ. ಇದು ವ್ಯವಸಾಯದ ಪತ್ರಿಕೆಗೆ ಸಂಬಂಧಪಡದ ವಿಷಯವೆಂದು ಯಾರಾದರೂ ಭಾವಿಸಿದರೆ, ಅವರು ತಮ್ಮ ಊರಿನಲ್ಲಿ ಕಳೆದ ಹತ್ತು ವರ್ಷಗಳಲ್ಲಿ ಜಮೀನು ಏತಕ್ಕಾಗಿ ಒತ್ತೆ ಬಿದ್ದಿತೆಂಬುದನ್ನು ಒಮ್ಮೆ ವಿಚಾರಿಸಿ ನೋಡಬಹುದು.

ಹಿಂದೆ ನಮ್ಮ ಭಾಗದವರಿಗೆ ಉಚ್ಚ ಶಿಕ್ಷಣವೆಂದರೆ ದೂರದ ಮಾತಾಗಿದ್ದಿತು. ೧೯೧೮ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಸ್ಥಾಪಿತವಾದಾಗ ರಾಯಚೂರು ಜಿಲ್ಲೆಯು ನಿಜಾಮ ಸಂಸ್ಥಾನಕ್ಕೆ ಸೇರಿದ್ದಿತು. ಅಲ್ಲಿನ ಬೋಧನೆಯು ಉರ್ದು ಭಾಷೆಯಲ್ಲಿ ನಡೆಯುತ್ತಿದ್ದಿತು. ಕನ್ನಡದ ಮನೆಯಿಂದ ಹೊರಟ ಹುಡುಗನು ಊರನ್ನೂ ಬಿಟ್ಟು, ಭಾಷೆಯನ್ನೂ ಬಿಟ್ಟು ಓದಬೇಕಾಗಿದ್ದಿತು. ೧೯೪೮ರಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. ೧೯೫೬ರಲ್ಲಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ೧೯೮೦ರಲ್ಲಿ ಗುಲ್ಬರ್ಗಾ ವಿಶ್ವವಿದ್ಯಾನಿಲಯವೂ, ೨೦೦೭ರಲ್ಲಿ ರಾಯಚೂರಿನ ವೈದ್ಯಕೀಯ ಕಾಲೇಜೂ, ೨೦೦೮ರಲ್ಲಿ ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾನಿಲಯವೂ ಏರ್ಪಟ್ಟವು. ಈಗ ಸಾದಾ ಪದವಿಯ ವ್ಯಾಸಂಗಕ್ಕಾದರೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಈ ಮೂರು ಊರುಗಳಲ್ಲಿಯೇ ಇವೆ. ದೂರವು ಕಡಿಮೆಯಾಯಿತು, ಹಣದ ತೊಡಕು ಮಾತ್ರ ಬೇರೊಂದು ರೂಪದಲ್ಲಿ ಉಳಿದುಕೊಂಡಿತು.

ನಮ್ಮ ಹಿರಿಯರು ವಾರಾನ್ನವನ್ನು ಉಂಡು ಓದಿದರೆಂದೂ, ಈಗಿನವರಿಗೆ ಎಲ್ಲಕ್ಕೂ ಹಣವೇ ಬೇಕೆಂದೂ ಆಕ್ಷೇಪಿಸುವವರುಂಟು. ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ವೆಚ್ಚವನ್ನು ತೂಗಿಸಿದುದೂ, ಪುಣೆಯಲ್ಲಿ ಇಂಜಿನಿಯರಿಂಗ್ ವ್ಯಾಸಂಗ ಮಾಡಲು ಅವರಿಗೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನವು ದೊರೆತುದೂ ಎಲ್ಲರಿಗೂ ತಿಳಿದ ಸಂಗತಿ. ಆದರೆ ಆ ಕಾಲದ ವಿದ್ಯಾರ್ಥಿಗೆ ಮುಖ್ಯ ಚಿಂತೆ ಊಟ ವಸತಿಗಳದು. ಅದು ದಿನದಿನದ ಖರ್ಚು, ದಿನದಿನದ ದುಡಿಮೆಯಿಂದ ತೂಗುವಂಥದು. ಈಗಿನದಾದರೋ ವರ್ಷಾರಂಭದಲ್ಲಿ ಒಂದೇ ಕಂತಿನಲ್ಲಿ ಕಟ್ಟಬೇಕಾದ ದೊಡ್ಡ ಮೊತ್ತ. ಆದ ಕಾರಣ ಹಿಂದಿನವರ ಉಪಾಯವು ಇಂದಿನ ತೊಡಕಿಗೆ ಸಾಲದು.

ಮುಖ್ಯವಾದ ತೊಡಕು ಕಾಲದ್ದು. ಸಾಮಾನ್ಯ ಪ್ರವೇಶ ಪರೀಕ್ಷೆಯು ಏಪ್ರಿಲ್ ತಿಂಗಳಿನಲ್ಲಿ ನಡೆಯುತ್ತದೆ. ಫಲಿತಾಂಶವು ಬಂದು, ಕಾಗದಪತ್ರಗಳ ಪರಿಶೀಲನೆ ಮುಗಿದು, ಕರ್ನಾಟಕ ಪರೀಕ್ಷಾ ಪ್ರಾಧಿಕಾರದವರು ಸೀಟನ್ನು ಹಂಚುವ ಹೊತ್ತಿಗೆ ಸಾಮಾನ್ಯವಾಗಿ ಜುಲೈ ಅಥವಾ ಆಗಸ್ಟ್ ಆಗುತ್ತದೆ. ಶುಲ್ಕವನ್ನು ಕಟ್ಟುವುದಕ್ಕೆ ಕೊಡುವ ಗಡುವು ಕೆಲವೇ ದಿನಗಳು. ಗಡುವು ಮೀರಿದರೆ ಸೀಟು ಬೇರೆಯವರ ಪಾಲಾಗುತ್ತದೆ. ಆ ದಿನಗಳಲ್ಲಿ ರೈತನ ಕೈ ಹೇಗಿರುತ್ತದೆಂಬುದನ್ನು ವಾಚಕರಿಗೆ ಹೇಳಬೇಕಾದುದಿಲ್ಲ. ಸಿಂಧನೂರಿನ ಕಡೆ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದು ಬತ್ತದ ನಾಟಿಯ ಕೂಲಿಗೆ ಹಣ ಸುರಿಯುತ್ತಿರುತ್ತದೆ. ಮಸ್ಕಿ, ಲಿಂಗಸೂಗೂರುಗಳ ಖುಷ್ಕಿ ಹೊಲಗಳಲ್ಲಿ ತೊಗರಿ, ಸಜ್ಜೆ, ಹತ್ತಿಗಳ ಬಿತ್ತನೆಯಾಗಿ ಕಳೆಯ ಖರ್ಚು ತೊಡಗಿರುತ್ತದೆ. ಕಣಜವು ಬರಿದು, ಕೈಯೂ ಬರಿದು. ಬತ್ತದ ಹಣ ಬರುವುದು ನವೆಂಬರ್ ಡಿಸೆಂಬರಿನಲ್ಲಿ; ತೊಗರಿಯದು ಜನವರಿಯ ಸುಮಾರಿಗೆ; ಹಿಂಗಾರಿನ ಬಿಳಿಜೋಳ ಕಡಲೆಗಳದು ಅದಕ್ಕೂ ಈಚೆಗೆ. ಅಂದರೆ ಕಾಲೇಜಿನ ಶುಲ್ಕವು ನಾಗರಪಂಚಮಿಯ ಸುತ್ತ ಬರುತ್ತದೆ, ಅದನ್ನು ಕಟ್ಟತಕ್ಕ ಹಣವು ಸಂಕ್ರಾಂತಿಯ ಸುತ್ತ ಬರುತ್ತದೆ. ನಡುವಣ ಈ ಐದಾರು ತಿಂಗಳ ಅಂತರದಲ್ಲಿಯೇ ಸಾಲಗಾರನು ನಮ್ಮ ಮನೆಯ ಹೊಸ್ತಿಲನ್ನು ದಾಟುತ್ತಾನೆ. ಎಷ್ಟೋ ಮನೆಗಳಲ್ಲಿ ಹಣವು ಇಲ್ಲದ್ದಲ್ಲ, ಆ ವೇಳೆಗೆ ಇಲ್ಲದ್ದು.

ಇನ್ನು ವೆಚ್ಚವನ್ನು ರೂಪಾಯಿಯಲ್ಲಿ ಎಣಿಸುವುದಕ್ಕಿಂತ ಧಾನ್ಯದಲ್ಲಿ ಎಣಿಸಿದರೆ ನಮಗೆ ಚೆನ್ನಾಗಿ ಮನದಟ್ಟಾಗುವುದು. ಶುಲ್ಕ, ವಸತಿ, ಊಟ, ಪುಸ್ತಕ ಎಲ್ಲವೂ ಸೇರಿ ವರ್ಷಕ್ಕೆ ಒಂದು ಲಕ್ಷ ರೂಪಾಯಿ ತಗಲುವುದೆಂದು ಉದಾಹರಣೆಗಾಗಿ ಇಟ್ಟುಕೊಳ್ಳೋಣ. ೨೦೨೫-೨೬ನೆಯ ಸಾಲಿಗೆ ಕೇಂದ್ರ ಸರ್ಕಾರವು ಗೊತ್ತುಪಡಿಸಿದ ಬೆಂಬಲ ಬೆಲೆಯು ತೊಗರಿಗೆ ಕ್ವಿಂಟಲಿಗೆ ೮,೦೦೦ ರೂಪಾಯಿ, ಸಾಮಾನ್ಯ ಬತ್ತಕ್ಕೆ ೨,೩೬೯ ರೂಪಾಯಿ. ಆ ದರದಲ್ಲಿ ಒಂದು ಲಕ್ಷವೆಂದರೆ ಹನ್ನೆರಡೂವರೆ ಕ್ವಿಂಟಲ್ ತೊಗರಿ, ಅಥವಾ ೪೨ ಕ್ವಿಂಟಲಿನಷ್ಟು ಬತ್ತ. ನಮ್ಮ ೭೫ ಕಿಲೋ ಚೀಲದ ಲೆಕ್ಕದಲ್ಲಿ ಸುಮಾರು ೫೬ ಚೀಲ. ಇದು ಬೇಸಾಯದ ಖರ್ಚನ್ನು ಕಳೆಯದೆ ಹೇಳಿದ ಮಾತು. ಪದವಿಯು ನಾಲ್ಕು ವರ್ಷದ್ದಾದರೆ ತೊಗರಿ ಐವತ್ತು ಕ್ವಿಂಟಲ್. ತಮ್ಮ ಹೊಲವು ಎಕರೆಗೆ ಎಷ್ಟು ಕೊಡುವುದೆಂದು ಬಲ್ಲ ಗೌಡರು, ಮಗನ ಓದು ಎಷ್ಟು ಎಕರೆಯ ಹುಟ್ಟುವಳಿಯನ್ನು ತಿನ್ನುವುದೆಂಬುದನ್ನು ಇದರಿಂದ ತಾವೇ ಲೆಕ್ಕ ಹಾಕಿಕೊಳ್ಳಬಹುದು. ಎರಡನೆಯ ಬೆಳೆಯ ಮೇಲೆ ಭರವಸೆಯಿಟ್ಟು ಈ ಲೆಕ್ಕವನ್ನು ಹಾಕಕೂಡದು. ೨೦೨೩ರಲ್ಲಿ ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದುದನ್ನೂ, ೨೦೨೪ನೆಯ ಆಗಸ್ಟ್ ೧೦ರಂದು ತುಂಗಭದ್ರಾ ಜಲಾಶಯದ ೧೯ನೆಯ ತೂಬುಬಾಗಿಲು ಕೊಚ್ಚಿಹೋಗಿ ಅಚ್ಚುಕಟ್ಟಿನ ರೈತರೆಲ್ಲರೂ ಆಕಾಶವನ್ನು ನೋಡುವಂತಾದುದನ್ನೂ ಇಷ್ಟರಲ್ಲಿಯೇ ಮರೆಯುವಂತಿಲ್ಲ. ಬೆಳೆಗೆ ನಷ್ಟ ಬಂದ ವರ್ಷವೆಂದು ಕಾಲೇಜಿನವರು ಶುಲ್ಕವನ್ನು ಬಿಡುವುದಿಲ್ಲ.

ಒಂದೇ ಕಾಲೇಜಿನಲ್ಲಿ, ಒಂದೇ ಬೆಂಚಿನ ಮೇಲೆ ಕುಳಿತ ಇಬ್ಬರು ವಿದ್ಯಾರ್ಥಿಗಳು ಬೇರೆ ಬೇರೆ ಶುಲ್ಕವನ್ನು ತೆತ್ತಿರಬಹುದೆಂಬ ಸಂಗತಿಯು ಹಲವರಿಗೆ ತಿಳಿಯದು. ಪರೀಕ್ಷಾ ಪ್ರಾಧಿಕಾರದ ಮೂಲಕ ಹಂಚಿಕೆಯಾದ ಸೀಟಿಗೆ ಸರ್ಕಾರವು ಗೊತ್ತುಪಡಿಸಿದ ಶುಲ್ಕ. ಆಡಳಿತ ಮಂಡಳಿಯ ಸೀಟಿಗೆ ಅದಕ್ಕಿಂತ ಬಹಳ ಹೆಚ್ಚು. ಆದುದರಿಂದ ಮೊದಲ ಉಳಿತಾಯವಾಗುವುದು ಸೀಟನ್ನು ಆರಿಸುವಲ್ಲಿಯೇ. ಅದಕ್ಕೆ ನಮ್ಮ ಭಾಗದವರಿಗೆ ಒಂದು ವಿಶೇಷ ಸೌಕರ್ಯವುಂಟು. ಸಂವಿಧಾನದ ೩೭೧ (ಜೆ) ವಿಧಿಯ ಮೇರೆಗೆ ೨೦೧೩ರಿಂದ ಕಲ್ಯಾಣ ಕರ್ನಾಟಕದ ಸಂಸ್ಥೆಗಳಲ್ಲಿ ಶೇಕಡ ೭೦ ಸ್ಥಾನಗಳೂ, ಹೊರಗಿನ ಜಿಲ್ಲೆಗಳ ಸಂಸ್ಥೆಗಳಲ್ಲಿ ಶೇಕಡ ೮ ಸ್ಥಾನಗಳೂ ಈ ಭಾಗದ ಸ್ಥಳೀಯರಿಗೆ ಮೀಸಲಾಗಿವೆ. ಇದಕ್ಕೆ ಬೇಕಾದ ಅರ್ಹತಾ ಪತ್ರವನ್ನು ಉಪವಿಭಾಗದ ಸಹಾಯಕ ಆಯುಕ್ತರು ಕೊಡುತ್ತಾರೆ. ನಮಗೆ ಆ ಕಚೇರಿಯು ಲಿಂಗಸೂಗೂರಿನಲ್ಲಿಯೇ ಇರುವುದು. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮಾಂತರ ಶಾಲೆಯಲ್ಲಿ ಓದಿದವರಿಗೂ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ಬೇರೆ ಮೀಸಲಾತಿಗಳಿವೆ. ಅವುಗಳ ವ್ಯಾಸಂಗ ಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಸಹಿ ಬೇಕು. ಊರಿನ ಶಾಲೆ ಸಾಲದೆಂದು ಮಗುವನ್ನು ಪೇಟೆಯ ಶಾಲೆಗೆ ಸೇರಿಸಿದ ತಂದೆಯು ಈ ಹಕ್ಕನ್ನು ಅರಿಯದೆಯೇ ಬಿಟ್ಟುಕೊಟ್ಟಿರುತ್ತಾನೆ. ಪೇಟೆಯ ಶಾಲೆ ಕೆಟ್ಟದ್ದೆಂದು ಇದರ ಅರ್ಥವಲ್ಲ. ಬಿಟ್ಟುಕೊಡುವುದಾದರೆ ತಿಳಿದು ಬಿಟ್ಟುಕೊಡಬೇಕು.

ಕೃಷಿ ಪದವಿಯನ್ನು ಅಪೇಕ್ಷಿಸುವವರಿಗೆ ಕೃಷಿಕರ ಕೋಟಾ ಎಂಬುದೊಂದಿದೆ. ರಾಜ್ಯದ ಆಯವ್ಯಯದಲ್ಲಿ ಅದನ್ನು ಶೇಕಡ ೪೦ರಿಂದ ೫೦ಕ್ಕೆ ಏರಿಸುವುದಾಗಿ ಪ್ರಕಟಿಸಲಾಯಿತು. ಇದಕ್ಕೆ ಪಹಣಿ ಮೊದಲಾದ ದಾಖಲೆಗಳಲ್ಲದೆ ಒಂದು ಪ್ರಾಯೋಗಿಕ ಪರೀಕ್ಷೆಯೂ ಉಂಟು. ಬೀಜ, ಗೊಬ್ಬರ, ಸಲಕರಣೆ ಮುಂತಾದವನ್ನು ಗುರುತಿಸಿ ಹೇಳಬೇಕು. ಓದುವ ಹುಡುಗನ ಕೈಗೆ ಮಣ್ಣು ಹತ್ತಬಾರದೆಂದು ಹೊಲದ ಬದುವಿಗೂ ಬಿಡದ ಮನೆಗಳ ಮಕ್ಕಳು ಈ ಪರೀಕ್ಷೆಯಲ್ಲಿ ಹೆಸರನ್ನೂ ಉದ್ದನ್ನೂ ನೋಡಿ ತಡವರಿಸುತ್ತಾರೆ. ಅದೇ ಮನೆಯ ಜೀತದಾಳಿನ ಮಗನಾಗಿದ್ದರೆ ಕಣ್ಣುಮುಚ್ಚಿ ಹೇಳುತ್ತಿದ್ದನೆಂದು ಒಬ್ಬ ಹಿರಿಯರು ನಗುತ್ತ ನುಡಿದರು. ಆದರೆ ಆ ಮಗನ ಹೆಸರಿನಲ್ಲಿ ಪಹಣಿಯಿಲ್ಲ.

ಪಹಣಿಯ ಮಾತು ಬಂದುದರಿಂದ ಕಾಗದಪತ್ರಗಳ ವಿಷಯವನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ನಮ್ಮ ಗ್ರಾಮಗಳಲ್ಲಿ ಎಷ್ಟೋ ಹೊಲಗಳು ತೀರಿಹೋದ ಅಜ್ಜನ ಹೆಸರಿನಲ್ಲಿಯೇ ಉಳಿದಿವೆ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು ಉಳುತ್ತಿರುತ್ತಾರೆ. ಜಗಳವಿಲ್ಲ, ಆದ್ದರಿಂದ ದಾಖಲೆಯೂ ಇಲ್ಲ. ಕಾಲೇಜಿನ ಪ್ರಸಂಗದಲ್ಲಿ ಇದು ಮೊದಲ ಬಾರಿಗೆ ಕಾಲಿಗೆ ತೊಡರುತ್ತದೆ. ತಂದೆಯ ಹೆಸರಿನಲ್ಲಿ ಜಮೀನಿಲ್ಲವಾದರೆ ಕೃಷಿಕನೆಂಬುದಕ್ಕೆ ಆಧಾರವಿಲ್ಲ; ರೈತರ ನೋಂದಣಿಯಾದ ಫ್ರೂಟ್ಸ್ ತಂತ್ರಾಂಶದಲ್ಲಿ ಆ ಜಮೀನು ಆತನ ಸಂಖ್ಯೆಗೆ ಸೇರುವುದಿಲ್ಲ; ಬ್ಯಾಂಕಿನವರೂ ಒಪ್ಪುವುದಿಲ್ಲ. ಪೌತಿ ಖಾತೆಯ ಬದಲಾವಣೆಯು ಅರ್ಜಿ ಕೊಟ್ಟ ಮಧ್ಯಾಹ್ನವೇ ಆಗತಕ್ಕ ಕೆಲಸವಲ್ಲ. ಮಗನು ಹತ್ತನೆಯ ತರಗತಿಯಲ್ಲಿರುವಾಗಲೇ ಇದನ್ನು ಮಾಡಿಸಿಕೊಂಡವರು ಎರಡು ವರ್ಷ ಮುಂದಿರುತ್ತಾರೆ. ಹಾಗೆಯೇ ನಾಡಕಚೇರಿಯಿಂದ ಜಾತಿ, ಆದಾಯ ಪ್ರಮಾಣಪತ್ರಗಳನ್ನು ಪಡೆದಿಡುವುದು. ವಿದ್ಯಾರ್ಥಿಯ ಹೆಸರು ಶಾಲೆಯ ದಾಖಲೆಯಲ್ಲಿಯೂ ಆಧಾರ್ ಚೀಟಿಯಲ್ಲಿಯೂ ಒಂದೇ ರೀತಿ ಇದೆಯೇ ಎಂದು ಅಕ್ಷರ ಅಕ್ಷರವಾಗಿ ನೋಡುವುದು. ಆತನ ಹೆಸರಿನಲ್ಲಿಯೇ ಬ್ಯಾಂಕು ಖಾತೆಯನ್ನು ತೆರೆದು ಅದಕ್ಕೆ ಆಧಾರ್ ಜೋಡಿಸುವುದು. ಮಂಜೂರಾದ ವಿದ್ಯಾರ್ಥಿವೇತನವು ಖಾತೆ ಜೋಡಣೆಯಾಗದೆ ಹಿಂದಿರುಗಿದ ನಿದರ್ಶನಗಳು ಪ್ರತಿ ಊರಿನಲ್ಲಿಯೂ ಇವೆ.

ವಿದ್ಯಾರ್ಥಿವೇತನಗಳ ಬಗ್ಗೆ ನಮ್ಮಲ್ಲಿ ಎರಡು ತಪ್ಪು ಭಾವನೆಗಳುಂಟು. ಜಮೀನುಳ್ಳವರಿಗೆ ಏನೂ ದೊರೆಯದೆಂಬುದು ಒಂದು. ಅದು ದೊರೆಯುತ್ತದೆಂದು ನಂಬಿ ಶುಲ್ಕದ ಚಿಂತೆಯನ್ನೇ ಬಿಡುವುದು ಇನ್ನೊಂದು. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವೇತನವು, ಕುಟುಂಬದ ವಾರ್ಷಿಕ ಆದಾಯವು ಎರಡೂವರೆ ಲಕ್ಷ ರೂಪಾಯಿಯ ಮಿತಿಯೊಳಗಿದ್ದರೆ, ಕೇಂದ್ರದ ಯೋಜನೆಯ ಮೇರೆಗೆ ದೊರೆಯುತ್ತದೆ. ಹಿಂದುಳಿದ ವರ್ಗಗಳವರಿಗೆ, ಸರ್ಕಾರಿ ವಸತಿನಿಲಯದಲ್ಲಿ ಜಾಗ ದೊರೆಯದಿದ್ದಾಗ ಊಟ ವಸತಿಗಳ ಸಹಾಯಕ್ಕೆಂದು ವಿದ್ಯಾಸಿರಿ ಎಂಬ ಯೋಜನೆಯು ೨೦೧೩-೧೪ರಲ್ಲಿ ಆರಂಭವಾಯಿತು. ಆಗ ಅದರ ಮೊತ್ತವು ತಿಂಗಳಿಗೆ ೧,೫೦೦ ರೂಪಾಯಿಯಂತೆ ಹತ್ತು ತಿಂಗಳಿಗೆ ೧೫,೦೦೦. ಇಂಜಿನಿಯರಿಂಗ್ ಮೊದಲಾದ ತಾಂತ್ರಿಕ ಕಾಲೇಜುಗಳಲ್ಲಿ, ವಾರ್ಷಿಕ ಆದಾಯ ಎಂಟು ಲಕ್ಷಕ್ಕಿಂತ ಕಡಿಮೆಯಿರುವ ಕುಟುಂಬದವರಿಗೆ ಬೋಧನಾ ಶುಲ್ಕವಿಲ್ಲದ ಶೇಕಡ ೫ ಹೆಚ್ಚುವರಿ ಸ್ಥಾನಗಳಿವೆ. ಇದಕ್ಕೆ ಜಾತಿಯ ಕಟ್ಟಿಲ್ಲ, ಅಂಕಗಳ ಪೈಪೋಟಿಯಿದೆ. ಪಿಯುಸಿಯಲ್ಲಿ ಉನ್ನತ ಶ್ರೇಣಿಯಲ್ಲಿ ತೇರ್ಗಡೆಯಾಗಿ, ಆದಾಯವು ನಾಲ್ಕೂವರೆ ಲಕ್ಷದೊಳಗಿರುವವರಿಗೆ ಕೇಂದ್ರ ಸರ್ಕಾರವು ಪದವಿಯ ವರ್ಷಗಳಲ್ಲಿ ವರ್ಷಕ್ಕೆ ೧೨,೦೦೦ ರೂಪಾಯಿಗಳನ್ನು ಕೊಡುವ ವೇತನವೊಂದಿದೆ. ರೈತರ ಮಕ್ಕಳಿಗೆಂದೇ ೨೦೨೧ರಲ್ಲಿ ರೈತ ವಿದ್ಯಾನಿಧಿ ಎಂಬ ಯೋಜನೆಯು ಪ್ರಾರಂಭವಾಯಿತು. ಆಗ ಗೊತ್ತಾದ ದರಗಳು ಸಾದಾ ಪದವಿಗೆ ಹುಡುಗರಿಗೆ ೫,೦೦೦, ಹುಡುಗಿಯರಿಗೆ ೫,೫೦೦. ವೈದ್ಯಕೀಯ ಮತ್ತು ಇಂಜಿನಿಯರಿಂಗಿಗೆ ೧೦,೦೦೦ ಮತ್ತು ೧೧,೦೦೦. ಇಂಥ ಯೋಜನೆಗಳ ನಿಯಮಗಳು ಸರ್ಕಾರದಿಂದ ಸರ್ಕಾರಕ್ಕೆ ಬದಲಾಗುವುದರಿಂದ, ಆಯಾ ವರ್ಷದ ಆದೇಶವನ್ನು ಕಣ್ಣಾರೆ ನೋಡುವವರೆಗೆ ಈ ಹಣವನ್ನು ಮನೆಯ ಲೆಕ್ಕಕ್ಕೆ ಸೇರಿಸಕೂಡದು. ಇನ್ನೊಂದು ಮಾತು: ವೇತನದ ಹಣವು ಬರುವುದು ಶುಲ್ಕವನ್ನು ಕಟ್ಟಿ ಎಷ್ಟೋ ತಿಂಗಳಾದ ಮೇಲೆ. ಅದು ಹಿಂಗಾರಿನ ಮಳೆಯಿದ್ದ ಹಾಗೆ; ಬಂದರೆ ಒಳ್ಳೆಯದು, ಅದನ್ನು ನಂಬಿ ಮುಂಗಾರನ್ನು ಬಿತ್ತಲಾಗದು.

ಹೆಣ್ಣುಮಕ್ಕಳ ವಿಷಯದಲ್ಲಿ ವೆಚ್ಚವೇ ಅಡ್ಡಿಯೆಂದು ಹೇಳುವವರ ಮಾತನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ೨೦೨೩ನೆಯ ಜೂನ್ ೧೧ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಅವರ ಪ್ರಯಾಣಕ್ಕೆ ದುಡ್ಡಿಲ್ಲ. ಸರ್ಕಾರಿ ಶಾಲೆಯಲ್ಲಿಯೂ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿಯೂ ಓದಿದ ಹೆಣ್ಣುಮಕ್ಕಳಿಗೆ, ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ವತಿಯಿಂದ ವರ್ಷಕ್ಕೆ ೩೦,೦೦೦ ರೂಪಾಯಿಗಳ ವೇತನವು ೨೦೨೫ರಿಂದ ನಮ್ಮ ರಾಜ್ಯದಲ್ಲಿಯೂ ಏರ್ಪಟ್ಟಿದೆ. ಮಗಳಿಗೆ ಹತ್ತು ವರ್ಷ ತುಂಬುವುದರೊಳಗೆ ಅಂಚೆ ಕಚೇರಿಯಲ್ಲಿ ಸುಕನ್ಯಾ ಸಮೃದ್ಧಿ ಖಾತೆಯನ್ನು ತೆರೆದವರು, ಆಕೆಗೆ ಹದಿನೆಂಟು ತುಂಬಿದಾಗ ಅಥವಾ ಹತ್ತನೆಯ ತರಗತಿ ಮುಗಿದಾಗ ಜಮೆಯ ಅರ್ಧದವರೆಗೆ ಓದಿಗಾಗಿ ತೆಗೆಯಬಹುದು. ೨೦೧೫ರಲ್ಲಿ ಆರಂಭವಾದ ಈ ಖಾತೆಯನ್ನು ನಮ್ಮಲ್ಲಿ ಎಲ್ಲರೂ ಮದುವೆಯ ಖಾತೆಯೆಂದೇ ತಿಳಿದಿರುವರು.

ಈಗ ಸಾಲದ ವಿಷಯ. ಮಸ್ಕಿಯ ಸಮೀಪದ ಒಂದು ಗ್ರಾಮದಲ್ಲಿ ಹನ್ನೆರಡು ಎಕರೆಯ ಹಿಡುವಳಿಯುಳ್ಳ ಒಂದು ಮನೆತನವನ್ನು ನಾನು ಬಲ್ಲೆನು. ಮಗನಿಗೆ ಇಂಜಿನಿಯರಿಂಗ್ ಸೀಟು ದೊರೆತಾಗ ತಂದೆಯು ದಲಾಲಿ ಅಂಗಡಿಗೆ ಹೋದನು. ಅಂಗಡಿಯವರು ಒಂದು ಮಾತನ್ನೂ ಆಡದೆ, ಒಂದು ಕಾಗದವನ್ನೂ ಕೇಳದೆ ಹಣವನ್ನು ಎಣಿಸಿದರು. ಬಡ್ಡಿಯು ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ. ತೊಗರಿಯನ್ನು ಅದೇ ಅಂಗಡಿಗೆ ಹಾಕತಕ್ಕದ್ದು. ಕಣವಾದ ಕೂಡಲೇ ತೊಗರಿಯು ಅಂಗಡಿಗೆ ಹೋಯಿತು, ಆ ದಿನದ ಧಾರಣೆಯಲ್ಲಿ. ಎರಡು ತಿಂಗಳು ಇಟ್ಟು ಮಾರುವ ಸ್ವಾತಂತ್ರ್ಯವು ಆ ಮನೆಗೆ ನಾಲ್ಕು ವರ್ಷ ಇರಲಿಲ್ಲ. ಬಡ್ಡಿಯು ಕಣ್ಣಿಗೆ ಕಾಣುವ ನಷ್ಟ. ಧಾರಣೆಯಲ್ಲಿ ಆದ ನಷ್ಟವನ್ನು ಯಾರೂ ಬರೆದಿಡಲಿಲ್ಲ.

ಎರಡು ರೂಪಾಯಿಯ ಬಡ್ಡಿ ಹಗುರವಾಗಿ ಕೇಳಿಸುವುದು. ಅದು ವರ್ಷಕ್ಕೆ ಶೇಕಡ ೨೪. ಬ್ಯಾಂಕಿನ ಶಿಕ್ಷಣ ಸಾಲಕ್ಕೆ ಲೆಕ್ಕದ ಅನುಕೂಲಕ್ಕಾಗಿ ಶೇಕಡ ೧೦ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ ಒಂದು ಲಕ್ಷದಂತೆ ನಾಲ್ಕು ವರ್ಷ ಸಾಲ ತೆಗೆದು, ಓದು ಮುಗಿದ ಒಂದು ವರ್ಷಕ್ಕೆ ಲೆಕ್ಕ ನೋಡಿದರೆ, ಮೊದಲನೆಯ ಲಕ್ಷವು ಐದು ವರ್ಷ, ಎರಡನೆಯದು ನಾಲ್ಕು, ಮೂರನೆಯದು ಮೂರು, ನಾಲ್ಕನೆಯದು ಎರಡು ವರ್ಷ ಬೆಳೆದಿರುತ್ತವೆ. ಸರಳ ಬಡ್ಡಿಯಲ್ಲಿ ಬ್ಯಾಂಕಿಗೆ ಆಗುವುದು ೧,೪೦,೦೦೦ ರೂಪಾಯಿ, ಅಂಗಡಿಗೆ ೩,೩೬,೦೦೦. ನಡುವಣ ವ್ಯತ್ಯಾಸವು ೧,೯೬,೦೦೦. ಅಂದರೆ ಸುಮಾರು ಎರಡು ವರ್ಷದ ಓದಿನ ವೆಚ್ಚ. ಮೂರು ರೂಪಾಯಿಯ ಬಡ್ಡಿಯಾದರೆ ೫,೦೪,೦೦೦ ಆಗಿ, ಬಡ್ಡಿಯೇ ಅಸಲನ್ನು ಮೀರುವುದು. ಅಂಗಡಿಯವರು ಚಕ್ರಬಡ್ಡಿ ಹಾಕಿದರೆ ಆಗುವುದನ್ನು ಬರೆಯುವುದಕ್ಕೆ ಬೇಸರವಾಗುತ್ತದೆ.

ಬ್ಯಾಂಕಿನ ಶಿಕ್ಷಣ ಸಾಲದ ನಿಯಮಗಳು ಜನರು ಅಂಜುವಷ್ಟು ಕಠಿಣವಲ್ಲ. ನಾಲ್ಕು ಲಕ್ಷದವರೆಗಿನ ಸಾಲಕ್ಕೆ ಬ್ಯಾಂಕಿನವರು ಆಸ್ತಿಯ ಆಧಾರವನ್ನು ಕೇಳತಕ್ಕದ್ದಲ್ಲ. ತಂದೆಯೋ ತಾಯಿಯೋ ಸಹಸಾಲಗಾರರಾಗಿ ಸಹಿ ಹಾಕಿದರೆ ಸಾಕು. ೨೦೧೫ರಲ್ಲಿ ಏರ್ಪಟ್ಟ ಖಾತರಿ ನಿಧಿಯ ಆಧಾರದ ಮೇಲೆ ಏಳೂವರೆ ಲಕ್ಷದವರೆಗೂ ಹೀಗೆ ಕೊಡುವ ಅವಕಾಶವುಂಟು. ವ್ಯಾಸಂಗದ ಅವಧಿಯಲ್ಲಿಯೂ ಅದರ ಮೇಲೆ ಒಂದು ವರ್ಷವೂ ಕಂತು ಕಟ್ಟುವ ನಿರ್ಬಂಧವಿಲ್ಲ. ಅನಂತರ ಹದಿನೈದು ವರ್ಷಗಳವರೆಗೆ ತೀರಿಸಬಹುದು. ವಾರ್ಷಿಕ ಆದಾಯವು ನಾಲ್ಕೂವರೆ ಲಕ್ಷದೊಳಗಿರುವ ಮನೆಯವರಿಗೆ, ನಿಯಮಕ್ಕೊಳಪಟ್ಟ ತಾಂತ್ರಿಕ ಮತ್ತು ವೃತ್ತಿಪರ ವ್ಯಾಸಂಗಗಳಲ್ಲಿ, ಓದಿನ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುತ್ತದೆ. ೨೦೨೪ನೆಯ ನವೆಂಬರಿನಲ್ಲಿ ಮಂಜೂರಾದ ಪ್ರಧಾನಮಂತ್ರಿ ವಿದ್ಯಾಲಕ್ಷ್ಮಿ ಯೋಜನೆಯ ಮೇರೆಗೆ, ಆಯ್ದ ಉತ್ತಮ ಸಂಸ್ಥೆಗಳಲ್ಲಿ ಸೀಟು ಪಡೆದವರಿಗೆ ಆಧಾರವೂ ಜಾಮೀನೂ ಇಲ್ಲದೆ ಸಾಲ ದೊರೆಯುವುದಲ್ಲದೆ, ಆದಾಯವು ಎಂಟು ಲಕ್ಷದವರೆಗಿರುವ ಕುಟುಂಬಗಳಿಗೆ ಹತ್ತು ಲಕ್ಷದವರೆಗಿನ ಸಾಲದ ಮೇಲೆ ಶೇಕಡ ೩ ಬಡ್ಡಿಯ ರಿಯಾಯಿತಿಯೂ ಉಂಟು. ಅರ್ಜಿಯನ್ನು ಅಂತರ್ಜಾಲದ ಮೂಲಕವೇ ಹಾಕತಕ್ಕದ್ದು. ಆದರೆ ಬ್ಯಾಂಕಿನ ಸಾಲವು ಅಂಗಡಿಯ ಸಾಲದಂತೆ ಒಂದು ಸಂಜೆಯಲ್ಲಿ ಕೈಗೆ ಬರುವುದಿಲ್ಲ. ಸೀಟು ದೊರೆಯುವುದಕ್ಕೆ ಮುಂಚೆಯೇ, ಮೇ ಜೂನ್ ತಿಂಗಳುಗಳಲ್ಲಿ, ಖಾತೆಯಿರುವ ಶಾಖೆಗೆ ಮಗನನ್ನು ಕರೆದುಕೊಂಡು ಹೋಗಿ, ಬೇಕಾಗುವ ಕಾಗದಗಳ ಯಾದಿಯನ್ನು ಬರೆದುಕೊಂಡು ಬರಬೇಕು. ಮೊದಲ ವರ್ಷದ ಶುಲ್ಕವನ್ನು ಕೈಯಿಂದ ಕಟ್ಟಿ, ಸಾಲವನ್ನು ಮುಂದಿನ ವರ್ಷಗಳಿಗೆ ಇಟ್ಟುಕೊಳ್ಳುವುದು ಎಲ್ಲಕ್ಕಿಂತ ಕ್ಷೇಮ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಬೆಳೆಸಾಲದ ಹಣವನ್ನು ಶುಲ್ಕಕ್ಕೆ ತಿರುಗಿಸುವುದು ಈ ಕಡೆ ಸಾಮಾನ್ಯವಾಗಿಬಿಟ್ಟಿದೆ. ಸಹಕಾರ ಸಂಘಗಳಲ್ಲಿ ಬಡ್ಡಿಯಿಲ್ಲದ ಅಲ್ಪಾವಧಿ ಸಾಲದ ಮಿತಿಯನ್ನು ೨೦೨೩ರಲ್ಲಿ ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಿದ ಮೇಲೆ ಈ ಆಸೆ ಮತ್ತಷ್ಟು ಬೆಳೆಯಿತು. ಆದರೆ ಬಡ್ಡಿಯಿಲ್ಲವೆಂಬುದು ಗಡುವಿನೊಳಗೆ ತೀರಿಸಿದವನಿಗೆ ಮಾತ್ರ. ಬೆಳೆಗೆ ಹಾಕಿದ ಹಣವು ಬೆಳೆಯಿಂದ ಹಿಂದಿರುಗಬಹುದು. ಕಾಲೇಜಿಗೆ ಹಾಕಿದ ಹಣವು ಹನ್ನೆರಡು ತಿಂಗಳಿನಲ್ಲಿ ಹಿಂದಿರುಗುವಂಥದಲ್ಲ. ಗಡುವು ತಪ್ಪಿದರೆ ರಿಯಾಯಿತಿ ಹೋಗುತ್ತದೆ, ಮರುವರ್ಷ ಗೊಬ್ಬರಕ್ಕೂ ಸಾಲವಿಲ್ಲ. ತಂದೆಯ ಹೆಸರು ಸುಸ್ತಿದಾರರ ಪಟ್ಟಿಗೆ ಸೇರಿದ ಕಾರಣ ಮಗನ ಶಿಕ್ಷಣ ಸಾಲದ ಅರ್ಜಿಗೂ ತೊಡಕು ಬರುತ್ತದೆ. ಅನಿವಾರ್ಯವಾದಲ್ಲಿ ಮನೆಯ ಬಂಗಾರವನ್ನು ಬ್ಯಾಂಕಿನಲ್ಲಿ ಅಡವಿಟ್ಟು, ಸುಗ್ಗಿಯಲ್ಲಿ ಬಿಡಿಸಿಕೊಳ್ಳುವುದು ಇದಕ್ಕಿಂತ ಮೇಲು. ಹಟ್ಟಿಯ ಗಣಿ ನಮ್ಮ ತಾಲ್ಲೂಕಿನಲ್ಲಿಯೇ ಇದ್ದರೂ ಬಂಗಾರವನ್ನು ಅಡವಿಡುವುದೆಂದರೆ ಮರ್ಯಾದೆ ಹೋದಂತೆಂದು ಹೆಂಗಸರು ಅಳುತ್ತಾರೆ. ಹೊಲವನ್ನು ಒತ್ತೆಯಿಟ್ಟಾಗ ಅಳುವುದಕ್ಕೆ ಅವರನ್ನು ಯಾರೂ ಕೇಳಿರುವುದಿಲ್ಲ.

ನಿಜವಾದ ಏರ್ಪಾಡು ಮಗುವು ಎಂಟನೆಯ ತರಗತಿಗೆ ಬಂದಾಗ ತೊಡಗತಕ್ಕದ್ದು. ಅಲ್ಲಿಂದ ಪಿಯುಸಿ ಮುಗಿಯುವವರೆಗೆ ಐದು ಸುಗ್ಗಿಗಳು ದೊರೆಯುತ್ತವೆ. ಒಂದೊಂದು ಸುಗ್ಗಿಯಲ್ಲಿಯೂ ಐದು ಕ್ವಿಂಟಲ್ ತೊಗರಿಯ ಬೆಲೆಯನ್ನು, ಅಂದರೆ ಮೇಲಿನ ದರದಂತೆ ೪೦,೦೦೦ ರೂಪಾಯಿಗಳನ್ನು, ಕಣದಿಂದ ಮಾರಿ ಬಂದ ದಿನವೇ ಬೇರೆಯಿಟ್ಟರೆ, ಬಡ್ಡಿಯನ್ನು ಬಿಟ್ಟು ಎರಡು ಲಕ್ಷವಾಗುತ್ತದೆ. ಮೇಲಿನ ಉದಾಹರಣೆಯಲ್ಲಿ ಇದು ಮೊದಲ ಎರಡು ವರ್ಷಗಳ ವೆಚ್ಚ. ಉಳಿದ ಎರಡು ವರ್ಷಕ್ಕೆ ಮಾತ್ರ ಬ್ಯಾಂಕಿನ ಸಾಲ ತೆಗೆದರೆ ಬಡ್ಡಿಯು ೧,೪೦,೦೦೦ಕ್ಕೆ ಬದಲಾಗಿ ೫೦,೦೦೦ಕ್ಕೆ ನಿಲ್ಲುತ್ತದೆ. ತಿಂಗಳು ತಿಂಗಳೂ ಕಟ್ಟುವ ಜಮೆಗಳು ಸಂಬಳಗಾರರಿಗೆ ಸರಿ. ವರ್ಷಕ್ಕೆ ಒಮ್ಮೆ ಹಣ ಕಾಣುವ ರೈತನು ಎರಡು ಮೂರು ಕಂತು ತಪ್ಪಿಸಿ ಕೈಬಿಡುತ್ತಾನೆ. ಅಂಚೆ ಕಚೇರಿಯಲ್ಲಿ ಒಂದು, ಎರಡು, ಮೂರು, ಐದು ವರ್ಷಗಳ ಅವಧಿ ಠೇವಣಿಗಳಿವೆ. ಸುಗ್ಗಿಯ ಹಣಕ್ಕೆ ಇವು ಒಪ್ಪುತ್ತವೆ. ಎಂಟನೆಯ ತರಗತಿಯ ಸುಗ್ಗಿಯ ಹಣವನ್ನು ಮೂರು ವರ್ಷಕ್ಕೂ, ಕೊನೆಯ ಸುಗ್ಗಿಯದನ್ನು ಬೇಕೆಂದಾಗ ತೆಗೆಯುವ ಉಳಿತಾಯ ಖಾತೆಯಲ್ಲಿಯೂ ಇಟ್ಟು, ಜುಲೈ ತಿಂಗಳಿಗೆ ಎಲ್ಲವೂ ಕೈಗೆ ಬರುವಂತೆ ನೋಡಿಕೊಳ್ಳಬೇಕು. ನೀರಾವರಿಯ ಸಿಂಧನೂರಿನವರಿಗೆ ಇದು ಸುಲಭ. ಖುಷ್ಕಿಯವರಿಗೆ ಐದರಲ್ಲಿ ಎರಡು ವರ್ಷ ತಪ್ಪಬಹುದು. ಮೂರು ವರ್ಷದ್ದಾದರೂ ಉಳಿದರೆ ಮೊದಲ ವರ್ಷದ ಶುಲ್ಕಕ್ಕಾಗಿ ಅಂಗಡಿಯ ಮೆಟ್ಟಿಲನ್ನು ಹತ್ತುವ ಪ್ರಮೇಯ ತಪ್ಪುತ್ತದೆ.

ಗ್ರಾಮದ ಮುಖಂಡರಿಂದ ಆಗತಕ್ಕ ಕೆಲಸವೂ ಇದೆ. ಪ್ರವೇಶದ ಕಾಲದಲ್ಲಿ ಸೀಟು ಕೊಡಿಸುವೆನೆಂದು ಹೇಳಿಕೊಂಡು ಪೇಟೆಯಿಂದ ಬರುವವರು ಮೊದಲು ಮುಖಂಡರ ಕಟ್ಟೆಗೇ ಬರುತ್ತಾರೆ. ಹೆಚ್ಚುವರಿ ವಂತಿಗೆಯನ್ನು ವಸೂಲು ಮಾಡುವುದು ೧೯೮೪ನೆಯ ಕರ್ನಾಟಕದ ಕಾನೂನಿನಿಂದ ನಿಷಿದ್ಧವಾಗಿದೆ; ಪ್ರಾಧಿಕಾರದ ಸೀಟಿನ ಶುಲ್ಕವನ್ನು ಪ್ರಾಧಿಕಾರವು ತಿಳಿಸಿದ ರೀತಿಯಲ್ಲಿಯೇ ಕಟ್ಟಬೇಕಲ್ಲದೆ ಯಾರ ಕೈಗೂ ಕೊಡತಕ್ಕದ್ದಲ್ಲ. ಓದಿನ ಮನೆಯಿಲ್ಲದ ಕೂಲಿಕಾರರ ಮಕ್ಕಳಿಗೆ ಅರ್ಜಿಯ ಕೊನೆಯ ದಿನಗಳು ತಿಳಿಯುವುದೇ ಇಲ್ಲ. ಗ್ರಾಮ ಪಂಚಾಯತಿಯ ಫಲಕದ ಮೇಲೆ ವಿದ್ಯಾರ್ಥಿವೇತನದ ಮತ್ತು ಪ್ರವೇಶದ ದಿನಾಂಕಗಳನ್ನು ಬರೆಯಿಸಿದರೆ ಒಂದು ಸುಣ್ಣದ ಕಡ್ಡಿಯ ಖರ್ಚು. ಕಾಲೇಜಿಗೆ ಸೇರಿದ ಮೇಲೆ ಶುಲ್ಕದ ರಸೀದಿಯನ್ನು ಪಡೆಯಬೇಕು. ಅದಿಲ್ಲದೆ ಬ್ಯಾಂಕಿನ ಹಣವೂ ಬಿಡುಗಡೆಯಾಗುವುದಿಲ್ಲ. ಅಂಕಪಟ್ಟಿ ಮೊದಲಾದ ಮೂಲ ಪತ್ರಗಳನ್ನು ನೋಡಿ ಹಿಂದಿರುಗಿಸಬೇಕಲ್ಲದೆ ಕಾಲೇಜಿನವರು ತಮ್ಮಲ್ಲಿ ಇರಿಸಿಕೊಳ್ಳಕೂಡದೆಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ೨೦೧೮ರಲ್ಲಿ ಗೊತ್ತುಪಡಿಸಿದೆ. ಅವುಗಳ ನಾಲ್ಕೈದು ನಕಲುಗಳನ್ನು ಮಾಡಿಸಿ, ಮೂಲವನ್ನು ಪಹಣಿ ಮತ್ತು ಖಾತೆಯ ಪುಸ್ತಕಗಳ ಜೊತೆಯಲ್ಲಿಯೇ ಒಂದು ಡಬ್ಬಿಯಲ್ಲಿ, ಇಲಿ ಗೆದ್ದಲುಗಳು ತಾಕದ ಕಡೆ ಇಡತಕ್ಕದ್ದು.